ಟಯರಿನ ಲೆಕ್ಕ ಬಲ್ಲ ಸೊಟ್ಟಗಾಲಿನ ಸಾರಥಿ ಫಾಂಜಿಯೊ

ಕೊಟ್ಟಿಗೆಹಾರ: ಮೂಡಿಗೆರೆಯಿಂದ ಬಣಕಲ್ ದಾಟಿ ಬರುವ ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಬಾಳೂರಿನತ್ತ ಹೊರಳಿ ಕಳಸ, ಹೊರನಾಡಿಗೆ ಹೋದರೆ ಇನ್ನೊಂದು ಮಲಯಮಾರುತವನ್ನು ಹಾದು ಚಾರ್ಮಾಡಿ ಘಾಟಿಗೆ ಇಳಿಯುತ್ತದೆ. ನೀರುದೋಸೆ ತಿಂದು, ಕಾಫಿ ಕುಡಿದು ಘಾಟಿಯ ಕಡೆ ಹೊರಡುವ ಹಳೆಯ ಚಾಲಕರು ಹತ್ತುವ ಮೊದಲು ಟಯರುಗಳನ್ನೊಮ್ಮೆ ಕಾಲಿನಿಂದ ತಟ್ಟಿ ನೋಡುತ್ತಾರೆ. ಮಂಜು ಕವಿದ ಇಳಿಜಾರಿನಲ್ಲಿ ಗಾಡಿಯನ್ನು ನೆಲಕ್ಕೆ ಹಿಡಿದಿಡುವುದು ಎಂಜಿನ್ ಅಲ್ಲ, ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ.

ಇದೇ ದಾರಿಯಲ್ಲಿ ತಗ್ಗುಮೈಯ ಸ್ಪೋರ್ಟ್ಸ್ ಕಾರುಗಳೂ ಬರುತ್ತವೆ. ಅಂಥ ಕಾರಿನ ಟಯರ್ ಸವೆದಾಗ ಮಾಲೀಕನ ಮುಂದೆ ನಿಲ್ಲುವ ಪ್ರಶ್ನೆ ಹಳೆಯದು. ಚೆನ್ನಾಗಿ ಹಿಡಿದು ಬೇಗ ಸವೆಯುವ ಮೆದು ಟಯರ್ ಬೇಕೋ, ಹಿಡಿತ ಕೊಂಚ ಕಡಿಮೆಯಾದರೂ ಬಹುಕಾಲ ಬಾಳುವ ಗಡಸು ಟಯರ್ ಬೇಕೋ? ಈ ಪ್ರಶ್ನೆಗೆ ತನ್ನ ಪ್ರಾಣವನ್ನೇ ಪಣವಾಗಿಟ್ಟು ಉತ್ತರಿಸಿದವರು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೊ. ಐದು ಬಾರಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಈ ಮಹಾನುಭಾವರ ಮೊದಲ ಕಿರೀಟಕ್ಕೂ ಕೊನೆಯ ಕಿರೀಟಕ್ಕೂ ಟಯರಿನ ಆಯ್ಕೆಯೇ ನಿರ್ಣಾಯಕವಾಯಿತು ಎಂಬುದು ಅವರ ಜೀವನದ ಸ್ವಾರಸ್ಯ.

ಫಾಂಜಿಯೊ ಹುಟ್ಟಿದ್ದು 1911ರ ಜೂನ್ 24ರಂದು, ಬ್ಯೂನಸ್ ಐರಿಸ್ ಪ್ರಾಂತ್ಯದ ಬಾಲ್ಕಾರ್ಸೆಯಲ್ಲಿ. ಆಲೂಗಡ್ಡೆ ಬೆಳೆಗೆ ಹೆಸರಾದ ಊರು. ಇಟಲಿಯಿಂದ ವಲಸೆ ಬಂದ ದುಡಿಮೆಗಾರ ಕುಟುಂಬ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ಹುಡುಗ ಗ್ಯಾರೇಜಿಗೆ ಸೇರಿ ಎಣ್ಣೆ, ಗ್ರೀಸಿನ ನಡುವೆ ಬೆಳೆದ. ಫುಟ್‌ಬಾಲ್ ಮೈದಾನದಲ್ಲಿ ಕಾಲು ಬಾಗಿಸಿ ಚೆಂಡು ಒದೆಯುತ್ತಿದ್ದುದರಿಂದ ಗೆಳೆಯರು ಎಲ್ ಚುಯೆಕೊ, ಅಂದರೆ ಸೊಟ್ಟಗಾಲ ಎಂದು ಕರೆದರು. ಆ ಹೆಸರು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಊರಲ್ಲೇ ಸ್ವಂತ ಗ್ಯಾರೇಜು ತೆರೆದರು. 1936ರಲ್ಲಿ ಮೊದಲ ಬಾರಿ ಸ್ಪರ್ಧೆಗಿಳಿದದ್ದು ಟ್ಯಾಕ್ಸಿಯಾಗಿ ಓಡುತ್ತಿದ್ದ ಒಂದು ಫೋರ್ಡ್ ಕಾರಿನಲ್ಲಿ.

ಅರ್ಜೆಂಟೀನಾದ ಅಂದಿನ ರೇಸುಗಳು ನುಣುಪಾದ ಟ್ರ್ಯಾಕಿನ ಮೇಲೆ ನಡೆಯುತ್ತಿರಲಿಲ್ಲ. ಮಣ್ಣು, ಜಲ್ಲಿ, ಬೆಟ್ಟ, ಹಳ್ಳಗಳ ಮೇಲೆ ಸಾವಿರಾರು ಕಿಲೋಮೀಟರು ಓಡಬೇಕು, ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಆಂಡಿಸ್ ಪರ್ವತಗಳನ್ನು ಹಾದು ಪೆರುವಿನ ಲಿಮಾಕ್ಕೆ ಹೋಗಿ ಮರಳಿ ಬರುವ ಸುಮಾರು 9,500 ಕಿ.ಮೀ. ಸ್ಪರ್ಧೆಯನ್ನು ಫಾಂಜಿಯೊ ಷೆವರ್ಲೆ ಕಾರಿನಲ್ಲಿ ಗೆದ್ದರು. ಆ ವರ್ಷವೂ ಮರುವರ್ಷವೂ ರಾಷ್ಟ್ರೀಯ ಚಾಂಪಿಯನ್ ಆದರು. ಗಾಡಿಯನ್ನು ದಂಡಿಸದೆ ದೂರ ಸಾಗಿಸುವ ವಿದ್ಯೆ ಅವರ ಕೈಗೆ ಬಂದದ್ದು ಈ ದಾರಿಗಳಲ್ಲೇ.

1942ರಲ್ಲಿ ಮಲಯಾ ಜಪಾನಿನ ವಶವಾದೊಡನೆ ಜಗತ್ತಿಗೆಲ್ಲ ರಬ್ಬರಿನ ಬರ ಬಂತು. ಅರ್ಜೆಂಟೀನಾದಲ್ಲೂ ರೇಸುಗಳು ನಿಂತವು. ಮೂವತ್ತರ ಪ್ರಾಯದ, ಕಸುವಿನ ದಿನಗಳು ಹೀಗೆ ಕಳೆದುಹೋದವು. 1948ರಲ್ಲಿ ಬ್ಯೂನಸ್ ಐರಿಸ್‌ನಿಂದ ಕರಾಕಾಸ್‌ಗೆ ನಡೆದ ಸ್ಪರ್ಧೆಯ ವೇಳೆ ಪೆರುವಿನಲ್ಲಿ ಕಾರು ಉರುಳಿ ಜೊತೆಗಾರ ಡೇನಿಯಲ್ ಉರ್ರುಟಿಯಾ ಸತ್ತರು. ಫಾಂಜಿಯೊ ಬದುಕಿ ಉಳಿದರು. 1949ರಲ್ಲಿ ಯುರೋಪಿಗೆ ಹೋಗಿ ನೆಲೆನಿಂತಾಗ ವಯಸ್ಸು 38. ಬಹುಪಾಲು ಚಾಲಕರು ನಿವೃತ್ತಿಯ ಬಗ್ಗೆ ಯೋಚಿಸುವ ವಯಸ್ಸು ಅದು.

1951ರ ಅಕ್ಟೋಬರ್ 28, ಬಾರ್ಸಿಲೋನಾದ ಪೆದ್ರಾಲ್ಬೆಸ್ ರಸ್ತೆಗಳು. ವರ್ಷದ ಕೊನೆಯ ಸ್ಪರ್ಧೆ. ಆಲ್ಫಾ ರೋಮಿಯೊ ಚಾಲಕ ಫಾಂಜಿಯೊಗೂ ಫೆರಾರಿಯ ಆಲ್ಬರ್ಟೊ ಅಸ್ಕಾರಿಗೂ ನಡುವೆ ಕೆಲವೇ ಅಂಕಗಳ ಅಂತರ. ಫೆರಾರಿ ತಂಡ ಹಿಂದಿನ ಚಕ್ರಗಳಿಗೆ 16 ಇಂಚಿನ ಸಣ್ಣ ರಿಮ್ ಆರಿಸಿತು. ಆಲ್ಫಾ ದೊಡ್ಡ ಚಕ್ರಗಳಲ್ಲೇ ಉಳಿಯಿತು. ಚಕ್ರ ಚಿಕ್ಕದಾದಷ್ಟೂ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು, ಹೆಚ್ಚು ಕಾಯಬೇಕು, ಸವೆಯಲು ಇರುವ ರಬ್ಬರೂ ಕಡಿಮೆ. ಕೆಲವೇ ಸುತ್ತುಗಳಲ್ಲಿ ಫೆರಾರಿ ಕಾರುಗಳ ಟಯರಿನ ಮೇಲ್ಪದರ ಕಿತ್ತು ಹಾರತೊಡಗಿತು. ಅಸ್ಕಾರಿ ಟಯರ್ ಬದಲಿಸಲು ಮತ್ತೆ ಮತ್ತೆ ನಿಲ್ಲಬೇಕಾಯಿತು. ಫಾಂಜಿಯೊ ಸ್ಪರ್ಧೆಯನ್ನೂ ಮೊದಲ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಅಂದಕ್ಕೆಂದು ಕಂಪನಿ ಹೇಳಿದ ಅಳತೆ ಬಿಟ್ಟು ಬೇರೆ ರಿಮ್ ಹಾಕಿಸುವ ನಮ್ಮ ಕಡೆಯ ಉತ್ಸಾಹಿಗಳು ಪೆದ್ರಾಲ್ಬೆಸ್ಸಿನ ಕಥೆ ಕೇಳಿದ್ದರೆ ಒಳ್ಳೆಯದಿತ್ತು.

ಮರುವರ್ಷ ಫಾಂಜಿಯೊ ಒಂದು ತಪ್ಪು ಮಾಡಿದರು. ಬೆಲ್‌ಫಾಸ್ಟ್ ಬಳಿಯ ಸ್ಪರ್ಧೆ ಮುಗಿಸಿ, ವಿಮಾನ ಸಿಗದೆ, ಪ್ಯಾರಿಸ್‌ನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಮೊಂಜಾ ತಲುಪಿದ್ದು ಸ್ಪರ್ಧೆ ಆರಂಭವಾಗಲು ಅರ್ಧ ಗಂಟೆ ಇರುವಾಗ. ಎರಡನೇ ಸುತ್ತಿನಲ್ಲೇ ಕಾರು ಹಿಡಿತ ತಪ್ಪಿತು, ಕತ್ತಿನ ಮೂಳೆ ಮುರಿಯಿತು. ಉಳಿದ ವರ್ಷ ಹಾಸಿಗೆ, ಚಿಕಿತ್ಸೆಗಳಲ್ಲೇ ಹೋಯಿತು. ದಣಿದ ಮೈಯಲ್ಲಿ ಸ್ಟಿಯರಿಂಗ್ ಹಿಡಿದದ್ದರ ಫಲವಿದು. ನಂತರ 1954, 1955 ಮತ್ತು 1956ರಲ್ಲಿ ಸತತವಾಗಿ ವಿಶ್ವ ಚಾಂಪಿಯನ್ ಆದರು. ಮಸೆರಾಟಿ, ಮರ್ಸಿಡಿಸ್, ಫೆರಾರಿ ಎಂದು ತಂಡ ಬದಲಾದರೂ ಗೆಲುವು ಬದಲಾಗಲಿಲ್ಲ. ಸ್ಪೋರ್ಟ್ಸ್ ಕಾರುಗಳಲ್ಲಿ ಸೆಬ್ರಿಂಗ್‌ನ 12 ಗಂಟೆಗಳ ಓಟವನ್ನು 1956 ಮತ್ತು 1957ರಲ್ಲಿ ಗೆದ್ದರು.

ಆ 1957ರ ಮೇ 12ರಂದು ಇಟಲಿಯ ಮಿಲೆ ಮಿಲ್ಯಾ ಓಟದಲ್ಲಿ ಘೋರ ದುರಂತ ಸಂಭವಿಸಿತು. ಅಲ್ಫಾನ್ಸೊ ಡಿ ಪೋರ್ಟಾಗೊ ಓಡಿಸುತ್ತಿದ್ದ ಫೆರಾರಿ ಸ್ಪೋರ್ಟ್ಸ್ ಕಾರಿನ ಟಯರ್ ಗ್ವಿಡಿಜೊಲೊ ಬಳಿ ಸಿಡಿಯಿತು. ಚಾಲಕ, ಜೊತೆಗಾರ, ರಸ್ತೆ ಬದಿಯಲ್ಲಿ ನಿಂತಿದ್ದ ಒಂಬತ್ತು ಪ್ರೇಕ್ಷಕರು ಸತ್ತರು. ಅವರಲ್ಲಿ ಐವರು ಮಕ್ಕಳು. ಟಯರಿನ ಯೋಗ್ಯತೆಯ ಬಗ್ಗೆ ಎಂಜೊ ಫೆರಾರಿ ಮೇಲೆ ಹೂಡಲಾದ ಮೊಕದ್ದಮೆ ನಾಲ್ಕು ವರ್ಷ ನಡೆದು, 1961ರಲ್ಲಿ ಅವರು ನಿರ್ದೋಷಿ ಎಂದು ತೀರ್ಪಾಯಿತು.

ಈ ಸಾವುಗಳ ನೆನಪು ಹಸಿಯಾಗಿರುವಾಗಲೇ ಆಗಸ್ಟ್ 4ರಂದು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಸ್ಪರ್ಧೆ ನಡೆಯಿತು. ಅದು ಐಫೆಲ್ ಬೆಟ್ಟಗಳ ಕಾಡಿನ ನಡುವೆ ಏರಿ ಇಳಿಯುವ 22.8 ಕಿ.ಮೀ. ಸುತ್ತು. ತಿರುವುಗಳೇ 170ಕ್ಕೂ ಹೆಚ್ಚು. ನಮ್ಮ ಓದುಗರು ಚಾರ್ಮಾಡಿ ಘಾಟಿಯನ್ನೇ ಕಣ್ಣ ಮುಂದೆ ತಂದುಕೊಂಡು, ಅದನ್ನು ಒಂದೇ ದಿನ 22 ಬಾರಿ ಓಡಿದಂತೆ ಎಣಿಸಬಹುದು.

ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್ ತುಂಬಿದ ಟ್ಯಾಂಕು, ಗಡಸು ಟಯರುಗಳೊಡನೆ ಹೊರಟರು. ಎಲ್ಲೂ ನಿಲ್ಲದೆ ಓಟ ಮುಗಿಸುವುದು ಅವರ ಯೋಜನೆ. 46 ವರ್ಷದ ಫಾಂಜಿಯೊ ಲೆಕ್ಕ ಬೇರೆಯಾಗಿತ್ತು. ಮಸೆರಾಟಿಯ ಹಿಂದಿನ ಟಯರುಗಳು ಇಡೀ ದೂರ ಬಾಳುವುದಿಲ್ಲ ಎಂದು ಅವರಿಗೆ ತಿಳಿದಿತ್ತು. ಹೇಗೂ ಒಮ್ಮೆ ನಿಲ್ಲಲೇಬೇಕಾದರೆ ತುಂಬಿದ ಟ್ಯಾಂಕಿನ ಭಾರವನ್ನು ಏಕೆ ಹೊರಬೇಕು? ಮೆದು ಟಯರು, ಅರ್ಧ ಟ್ಯಾಂಕು ಪೆಟ್ರೋಲು. ಹಗುರವಾದ ಕಾರಿನಲ್ಲಿ ಮುಂದೆ ಹೋಗಿ ಸಮಯ ಗಳಿಸುವುದು, ನಡುವೆ ನಿಂತು ಟಯರು, ಇಂಧನ ಎರಡನ್ನೂ ಮುಗಿಸಿಕೊಳ್ಳುವುದು.

12ನೇ ಸುತ್ತಿನಲ್ಲಿ ಸುಮಾರು 28 ಸೆಕೆಂಡು ಮುನ್ನಡೆಯೊಡನೆ ಪಿಟ್‌ಗೆ ಬಂದರು. ಅಲ್ಲಿ ಎಡವಟ್ಟಾಯಿತು. ಚಕ್ರದ ನಟ್ಟೊಂದು ಕೈತಪ್ಪಿ ಕಾರಿನಡಿಗೆ ಉರುಳಿತು. ಹುಡುಕಿ ಬಿಗಿಯುವಷ್ಟರಲ್ಲಿ ಗಳಿಕೆಯೆಲ್ಲ ಕರಗಿ, ಮರಳಿ ರಸ್ತೆಗೆ ಬಿದ್ದಾಗ ಇಬ್ಬರಿಗಿಂತ ಸುಮಾರು ಮುಕ್ಕಾಲು ನಿಮಿಷ ಹಿಂದೆ. ಆದರೂ ಫಾಂಜಿಯೊ ಒಡನೆಯೇ ಹಾರಲಿಲ್ಲ. ಹೊಸ ಟಯರಿನ ನುಣುಪು ಮೈ ಹದಕ್ಕೆ ಬರುವವರೆಗೆ ಸಾವಧಾನವಾಗಿ ಓಡಿಸಿದರು. ಮುದುಕ ಸೋತ ಎಂದುಕೊಂಡ ಫೆರಾರಿ ತಂಡ ತನ್ನ ಚಾಲಕರಿಗೆ ವೇಗ ತಗ್ಗಿಸಲು ಸೂಚಿಸಿತು.

ಆಮೇಲೆ ನಡೆದದ್ದು ರೇಸಿನ ಇತಿಹಾಸದಲ್ಲಿ ಅಪರೂಪದ್ದು. ತಿರುವುಗಳನ್ನು ಎಂದಿಗಿಂತ ಒಂದು ಗೇರು ಮೇಲೆ ತೆಗೆದುಕೊಳ್ಳುತ್ತ, ಫಾಂಜಿಯೊ ಸುತ್ತಿನಿಂದ ಸುತ್ತಿಗೆ ದಾಖಲೆ ಮುರಿದರು. 1956ರಲ್ಲಿ ತಾವೇ ಬರೆದಿದ್ದ ಸ್ಪರ್ಧಾ ದಾಖಲೆ 9 ನಿಮಿಷ 41.6 ಸೆಕೆಂಡು. ಈಗ 20ನೇ ಸುತ್ತನ್ನು 9 ನಿಮಿಷ 17.4 ಸೆಕೆಂಡಿನಲ್ಲಿ ಮುಗಿಸಿದರು. 21ನೇ ಸುತ್ತಿನಲ್ಲಿ ಮೊದಲು ಕಾಲಿನ್ಸ್‌ರನ್ನೂ ಬಳಿಕ ಹಾಥಾರ್ನ್‌ರನ್ನೂ ದಾಟಿ, 3.6 ಸೆಕೆಂಡು ಅಂತರದಲ್ಲಿ ಗೆದ್ದರು. ಐದನೇ ವಿಶ್ವ ಪ್ರಶಸ್ತಿ ಅಲ್ಲೇ ಖಚಿತವಾಯಿತು. ಐದು ಪ್ರಶಸ್ತಿಗಳ ಆ ದಾಖಲೆಯನ್ನು ಮೈಕೆಲ್ ಷೂಮಾಕರ್ ಮೀರಿದ್ದು 2003ರಲ್ಲಿ.

ಫಾಂಜಿಯೊ ಲೆಕ್ಕವನ್ನು ಮನೆಯ ಕಾರಿಗೆ ಇಳಿಸಿ ನೋಡುವವರಿಗೆ ಒಂದು ಎಚ್ಚರಿಕೆ ಅಗತ್ಯ. ಅವರ ಟಯರು ಕೆಲವು ಗಂಟೆ ಬಾಳಿದರೆ ಸಾಕಿತ್ತು, ದಾರಿಯೂ ಅಂದು ಒಣಗಿತ್ತು. ಮುಂಗಾರಿನ ಕೊಟ್ಟಿಗೆಹಾರದಲ್ಲಿ ರಬ್ಬರಿನ ಮೆದುತನದಷ್ಟೇ ನೀರನ್ನು ಹೊರದೂಡುವ ಗೀರುಗಳ ಆಳವೂ ಮುಖ್ಯ. ಆ ಗೀರುಗಳ ನಡುವಿನ ಸಣ್ಣ ಉಬ್ಬುಗಳು 1.6 ಮಿ.ಮೀ. ಆಳದ ಗುರುತು. ಅಲ್ಲಿಯವರೆಗೆ ಸವೆದ ಟಯರು ಘಾಟಿಗೆ ಬೇಡ. ಟಯರಿನ ಮಗ್ಗುಲಲ್ಲಿ 225/45 ಆರ್ 17 91ಡಬ್ಲ್ಯು ಎಂದಿದ್ದರೆ 225 ಮಿ.ಮೀ. ಅಗಲ, ಅದರ ಶೇ 45ರಷ್ಟು ಮಗ್ಗುಲಿನ ಎತ್ತರ, 17 ಇಂಚಿನ ರಿಮ್, ಪ್ರತಿ ಟಯರಿಗೆ 615 ಕೆ.ಜಿ. ಭಾರ, ಗಂಟೆಗೆ 270 ಕಿ.ಮೀ. ವೇಗದ ಮಿತಿ ಎಂದರ್ಥ. ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕಂಕಿಗಳೂ ಅಲ್ಲೇ ಇರುತ್ತವೆ. ಅಗ್ಗಕ್ಕೆ ಸಿಗುವ ಹೊಸ ಟಯರು ಅಂಗಡಿಯಲ್ಲೇ ಮುದಿಯಾಗಿರಬಹುದು.

ನ್ಯೂರ್‌ಬುರ್ಗ್‌ರಿಂಗ್ ಫಾಂಜಿಯೊಗೆ ಕೊನೆಯ ಗ್ರ್ಯಾನ್ ಪ್ರಿ ವಿಜಯ. 1958ರ ಫೆಬ್ರುವರಿಯಲ್ಲಿ ಹವಾನಾದಲ್ಲಿ ಕ್ಯಾಸ್ಟ್ರೊ ಪಕ್ಷದ ಬಂಡುಕೋರರು ಅವರನ್ನು ಅಪಹರಿಸಿ, ಸ್ಪರ್ಧೆ ಮುಗಿದ ಮೇಲೆ ಕೂದಲೂ ಕೊಂಕದಂತೆ ಬಿಟ್ಟುಕೊಟ್ಟರು. ಅದೇ ವರ್ಷ ಜುಲೈ 6ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ಕೊನೆಯ ಬಾರಿ ಸ್ಪರ್ಧಿಸಿದರು. ಮುಂಚೂಣಿಯಲ್ಲಿದ್ದ ಹಾಥಾರ್ನ್ ಕೊನೆಗೆ ಅವರನ್ನು ಒಂದು ಸುತ್ತು ಹಿಂದಿಕ್ಕಬಹುದಾಗಿತ್ತು. ಗುರುಸಮಾನರನ್ನು ದಾಟಲು ಮನಸ್ಸಾಗದೆ ವೇಗ ತಗ್ಗಿಸಿದರು. ಅದೇ ಓಟದಲ್ಲಿ ಲುಯಿಜಿ ಮುಸ್ಸೊ ಸತ್ತರು. ಫಾಂಜಿಯೊ ನಾಲ್ಕನೆಯವರಾಗಿ ಬಂದು, ಕಾರಿನಿಂದಿಳಿದು, ಮತ್ತೆ ಗ್ರ್ಯಾನ್ ಪ್ರಿ ಕಾರು ಹತ್ತಲಿಲ್ಲ.

ನಾಲ್ಕು ವಾರಗಳ ಬಳಿಕ, ಆಗಸ್ಟ್ 3ರಂದು, ಅದೇ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ ಕಾಲಿನ್ಸ್ ಅಸುನೀಗಿದರು. ಆ ವರ್ಷದ ಚಾಂಪಿಯನ್ ಆಗಿ ನಿವೃತ್ತರಾದ ಹಾಥಾರ್ನ್, 1959ರ ಜನವರಿ 22ರಂದು ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಬಳಿ ಒದ್ದೆ ರಸ್ತೆಯಲ್ಲಿ ತಮ್ಮ ಜಾಗ್ವಾರ್ ಕಾರು ಜಾರಿ ಸತ್ತರು. ಆಗ ಅವರಿಗೆ 29 ವರ್ಷ. ಫಾಂಜಿಯೊ ಊರಿಗೆ ಮರಳಿ ಮರ್ಸಿಡಿಸ್ ಕಾರುಗಳ ವ್ಯವಹಾರ ನೋಡಿಕೊಂಡರು. 1986ರಲ್ಲಿ ಬಾಲ್ಕಾರ್ಸೆಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. 1995ರ ಜುಲೈ 17ರಂದು ಬ್ಯೂನಸ್ ಐರಿಸ್‌ನಲ್ಲಿ, ತಮ್ಮ 84ನೇ ವಯಸ್ಸಿನಲ್ಲಿ, ಅವರು ನಿಧನರಾದರು. ಸಮಾಧಿ ಇರುವುದು ಬಾಲ್ಕಾರ್ಸೆಯಲ್ಲೇ.