ಗಣಿತಜ್ಞ ಮಹಾವೀರಾಚಾರ್ಯರು

ನೃಪತುಂಗನ ಹೆಸರೆತ್ತಿದೊಡನೆ ಕನ್ನಡಿಗರಾದ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಮಾನ್ಯಖೇಟದ ಆ ದೊರೆಯ ಆಳ್ವಿಕೆಯಲ್ಲೇ, ಕ್ರಿ. ಶ. 850ರ ಸುಮಾರಿಗೆ, ಜೈನ ಪಂಡಿತರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರೆಂಬುದನ್ನು ಮಾತ್ರ ಮರೆತಿದ್ದೇವೆ. ಗ್ರಂಥಾರಂಭದಲ್ಲಿ ಅವರು ದೊರೆಯನ್ನು ಸ್ತುತಿಸಿದ್ದಾರೆ. ತಮ್ಮ ವಿಷಯ ಹೇಳಿಕೊಂಡವರಲ್ಲ. ಅವರ ಸ್ವಭಾವವನ್ನು ಅವರ ಲೆಕ್ಕಗಳಲ್ಲೇ ಕಾಣಬೇಕು.

ಒಂದು ಲೆಕ್ಕ ಹೀಗಿದೆ. 80 ಅಂಗುಲ ಉದ್ದದ ಕರಿಯ ಹಾವೊಂದು ಬಿಲವನ್ನು ಹೊಗುತ್ತಿದೆ. ದಿನವನ್ನು 14 ಪಾಲು ಮಾಡಿದರೆ ಅದರ 5 ಪಾಲಿನಲ್ಲಿ ಏಳೂವರೆ ಅಂಗುಲ ಒಳಸೇರುತ್ತದೆ. ಆದರೆ ಕಾಲು ದಿನಕ್ಕೆ ಎರಡೂಮುಕ್ಕಾಲು ಅಂಗುಲ ಬಾಲ ಬೆಳೆಯುತ್ತದೆ! ಪೂರ್ತಿ ಒಳಹೋಗಲು ಎಷ್ಟು ದಿನ ಬೇಕು? ಭಿನ್ನರಾಶಿಗೆ ಬೆದರಬೇಕಾಗಿಲ್ಲ. ದಿನವೊಂದಕ್ಕೆ ಹಾವು ಸಾಗುವುದು 21 ಅಂಗುಲ, ಬೆಳೆಯುವುದು 11. ನಿಜವಾದ ಮುನ್ನಡೆ 10. ದಿನಗಳನ್ನು ‘ಕ್ಷ’ ಎಂದಿಟ್ಟುಕೊಂಡರೆ 10 ಕ್ಷ = 80; ಉತ್ತರ 8 ದಿನ. ಒಂದು ರೈಲು ಇನ್ನೊಂದನ್ನು ಹಿಂದಿನಿಂದ ಹಿಡಿಯುವ ಲೆಕ್ಕದಲ್ಲಿ ನಮ್ಮ ಮಕ್ಕಳು ವೇಗದಿಂದ ವೇಗವನ್ನು ಕಳೆಯುವುದೂ ಇದೇ ರೀತಿ. ಹಾವಿನ ಲೆಕ್ಕವೇ ಅವರಿಗೆ ಹೆಚ್ಚು ರುಚಿಸೀತು.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಬರೆದು ಆಚಾರ್ಯರು ಎಡವಿದ್ದೂ ಉಂಟು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಗುರುತಿಸಿದವರೂ ಅವರೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಪ್ರೊಫೆಸರ್ ರಂಗಾಚಾರ್ಯರು ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಅಚ್ಚುಮಾಡಿಸಿದರು. ಅದೂ ನಾವು ನೆಲೆಸಿರುವ ಈ ಊರಿನಲ್ಲಿ, ಆಗಿನ ಮದರಾಸಿನಲ್ಲಿ. ಅವರಿಗೆ ನೆರವಾದ ಪ್ರತಿಗಳಲ್ಲಿ ಮೂಡಬಿದಿರೆಯ ಕನ್ನಡ ಲಿಪಿಯ ತಾಳೆಗರಿಯೂ ಒಂದು.