ಸಕ್ಕರೆಯ ಗುಟ್ಟನ್ನು ಅರಸಿದ ಎಮಿಲ್ ಫಿಷರ್

ಹಾವೇರಿಯ ಸುತ್ತಣ ಹೊಲಗಳ ಕಬ್ಬು ಸಂಗೂರಿನ ಕಾರ್ಖಾನೆಯಲ್ಲಿ ಸಕ್ಕರೆಯ ಹರಳಾಗುತ್ತದೆ. ರಾಣೆಬೆನ್ನೂರು, ಬ್ಯಾಡಗಿಗಳ ಮನೆಗಳಲ್ಲಿ ಕಾಯಿಸುವ ಹಾಲಿನಲ್ಲಿಯೂ ಒಂದು ಬಗೆಯ ಸಕ್ಕರೆಯುಂಟು. ಇವೆರಡೂ ದ್ವಿಶರ್ಕರಗಳು. ಎರಡರ ಅಣುವಿನಲ್ಲಿಯೂ ಇಂಗಾಲದ 12, ಜಲಜನಕದ 22, ಆಮ್ಲಜನಕದ 11 ಪರಮಾಣುಗಳಿವೆ. ಆದರೂ ನೀಲಿಯಾದ ಫೆಹ್ಲಿಂಗ್ ದ್ರಾವಣದೊಡನೆ ಕಾಯಿಸಿದಾಗ ಹಾಲಿನ ಸಕ್ಕರೆಯು ಅದನ್ನು ಅಪಕರ್ಷಿಸಿ, ಇಟ್ಟಿಗೆಗೆಂಪಿನ ಗಸಿಯನ್ನು ಉಂಟುಮಾಡುತ್ತದೆ. ಕಬ್ಬಿನ ಸಕ್ಕರೆಯಿಂದ ಹಾಗಾಗುವುದಿಲ್ಲ. ಇಂತಹ ಭೇದಗಳ ಮೂಲವನ್ನು ತಿಳಿಯಲು ದಾರಿ ತೋರಿದವರಲ್ಲಿ ಜರ್ಮನಿಯ ಎಮಿಲ್ ಫಿಷರನು ಅಗ್ರಗಣ್ಯನು.

ಫಿಷರನು 1852ರ ಅಕ್ಟೋಬರ್ 9ರಂದು ಕೊಲೋನ್ ನಗರದ ಸಮೀಪದ ಓಯ್ಸ್‌ಕಿರ್ಶೆನ್ ಎಂಬ ಊರಿನಲ್ಲಿ ಜನಿಸಿದನು. ಮಗನು ತನ್ನ ವ್ಯಾಪಾರವನ್ನು ಮುಂದುವರಿಸಬೇಕೆಂಬುದು ತಂದೆಯ ಬಯಕೆಯಾಗಿತ್ತು. ಮಗನಿಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ಕೊನೆಗೆ ತಂದೆಯು ಅವನನ್ನು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದನು. ಸ್ಟ್ರಾಸ್‌ಬರ್ಗಿನಲ್ಲಿ ಅಡಾಲ್ಫ್ ಬೇಯರನ ಶಿಷ್ಯನಾಗಿ ಫಿಷರನು 1874ರಲ್ಲಿ ಡಾಕ್ಟರೇಟ್ ಪಡೆದನು.

ಮರುವರ್ಷವೇ ಅವನು ಫಿನೈಲ್ ಹೈಡ್ರಜೀನ್ ಎಂಬ ದ್ರವವನ್ನು ಕಂಡುಹಿಡಿದನು. ಆ ಕಾಲದಲ್ಲಿ ಶರ್ಕರಗಳನ್ನು ಬೇರ್ಪಡಿಸಿ ಗುರುತಿಸುವುದು ಬಹು ಕಷ್ಟವಾಗಿತ್ತು. ಅವುಗಳಲ್ಲಿ ಹಲವು ಹರಳಾಗದೆ ಪಾಕವಾಗಿಯೇ ಉಳಿಯುತ್ತಿದ್ದವು. ಅಪಕರ್ಷಕ ಶರ್ಕರಗಳು ಈ ದ್ರವದೊಡನೆ ಸೇರಿ ಹಳದಿಯ ಹರಳುಗಳಾಗುವುದನ್ನು 1884ರಲ್ಲಿ ಅವನು ತೋರಿಸಿದನು. ಹರಳುಗಳ ಗುಣದಿಂದ ಶರ್ಕರವನ್ನು ಗುರುತಿಸುವುದು ಸಾಧ್ಯವಾಯಿತು. ಈ ಸಾಧನದ ಬಲದಿಂದ, ಸಾಧ್ಯವಿದ್ದ 16 ರೂಪಗಳಲ್ಲಿ ಗ್ಲೂಕೋಸಿನ ರೂಪವಾವುದೆಂಬುದನ್ನು 1891ರಲ್ಲಿ ನಿರ್ಣಯಿಸಿದನು. ಬೀಗಕ್ಕೆ ತಕ್ಕ ಬೀಗದ ಕೈಯಿರುವಂತೆ ಪ್ರತಿ ಕಿಣ್ವಕ್ಕೂ ತಕ್ಕ ರಚನೆಯ ಅಣುವಿರಬೇಕೆಂದು 1894ರಲ್ಲಿ ಹೇಳಿದನು. 1902ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೆ ದೊರೆಯಿತು.

ಈ ಜ್ಞಾನಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲ. ಅವನ ಕೈಗೆ ಸಾಧನವಾದ ದ್ರವವೇ ವಿಷವಾಗಿತ್ತು. ವರ್ಷಗಟ್ಟಲೆ ಅದರ ಸಂಪರ್ಕದಲ್ಲಿ ದುಡಿದುದರಿಂದ ಅವನ ಆರೋಗ್ಯವು ಕೆಟ್ಟಿತು. 1895ರಲ್ಲಿ ಪತ್ನಿಯು ತೀರಿಕೊಂಡಳು. ಮೂವರು ಪುತ್ರರಲ್ಲಿ ಇಬ್ಬರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮಡಿದರು. ರೋಗದಿಂದಲೂ ದುಃಖದಿಂದಲೂ ಜರ್ಜರಿತನಾದ ಫಿಷರನು 1919ರ ಜುಲೈ 15ರಂದು ಬರ್ಲಿನ್ನಿನಲ್ಲಿ ಕಾಲವಾದನು. ಉಳಿದ ಮಗನಾದ ಹರ್ಮನ್ ತಂದೆಯಂತೆಯೇ ರಸಾಯನಶಾಸ್ತ್ರಜ್ಞನಾದನು.

ಫಿಷರನು ಹಾಕಿದ ತಳಹದಿಯ ಮೇಲೆ ಇಂಗ್ಲೆಂಡಿನ ನಾರ್ಮನ್ ಹಾವರ್ತ್ ಮೊದಲಾದವರು ದ್ವಿಶರ್ಕರಗಳ ರಚನೆಯನ್ನು ಬಿಡಿಸಿದರು. ಹಾಲಿನ ಸಕ್ಕರೆಯಲ್ಲಿ ಗ್ಯಾಲಕ್ಟೋಸ್, ಗ್ಲೂಕೋಸ್ ಎಂಬ ಎರಡು ಉಂಗುರಗಳು ಕೂಡಿವೆ. ಗ್ಲೂಕೋಸಿನ ಅಪಕರ್ಷಕ ತುದಿ ಬಿಡುವಾಗಿಯೇ ಉಳಿದಿದೆ. ಕಬ್ಬಿನ ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ಗಳು ತಮ್ಮ ಅಪಕರ್ಷಕ ತುದಿಗಳಿಂದಲೇ ಒಂದನ್ನೊಂದು ಹಿಡಿದಿವೆ. ಆದುದರಿಂದ ನೀಲಿಯ ದ್ರಾವಣವು ಮಾರ್ಪಡುವುದಿಲ್ಲ. ಆಮ್ಲವನ್ನು ಹಾಕಿ ಕುದಿಸಿದರೆ ಆ ಹಿಡಿತವು ಬಿಟ್ಟು, ಕಬ್ಬಿನ ಸಕ್ಕರೆಯೂ ಕೆಂಪು ಗಸಿಯನ್ನು ಕೊಡುತ್ತದೆ. ಶಾಲೆಯ ಪ್ರನಾಳದಲ್ಲಿ ಕೆಲವು ನಿಮಿಷಗಳಲ್ಲಿ ಕಾಣುವ ಈ ಬಣ್ಣದ ಅರ್ಥವನ್ನು ತಿಳಿಯಲು ಮಹನೀಯರ ಜೀವಮಾನಗಳೇ ಬೇಕಾದವು.