ಡಾ. ಮಲ್ಲಿಕಾರ್ಜುನ ಮನಸೂರ: ಜೀವನ ಪರಿಚಯ ಹಾಗೂ ಧ್ವನಿಮುದ್ರಿಕೆಗಳ ಆಯ್ಕೆ

ಹಿಂದೂಸ್ತಾನಿ ಸಂಗೀತವನ್ನು ಹೊಸದಾಗಿ ಕೇಳಲು ತೊಡಗುವವರಿಗೆ ಯಾವ ಧ್ವನಿಮುದ್ರಿಕೆಯಿಂದ ಆರಂಭಿಸಬೇಕೆಂಬ ಪ್ರಶ್ನೆ ಎದುರಾಗುವುದು ಸಹಜ. ಹಿರಿಯ ಗಾಯಕರ ಹೆಸರನ್ನು ನಂಬಿ ಕೈಗೆ ಸಿಕ್ಕ ಮುದ್ರಿಕೆಯನ್ನು ಕೇಳಿ, ಅದರ ಕರಕರ ಸದ್ದಿಗೆ ಬೇಸತ್ತು, ಶಾಸ್ತ್ರೀಯ ಸಂಗೀತ ತಮಗೆ ಒಗ್ಗುವುದಿಲ್ಲವೆಂದು ದೂರ ಸರಿಯುವವರೂ ಇದ್ದಾರೆ. ಕನ್ನಡ ನಾಡಿನ ಮಹಾನ್ ಗಾಯಕ ಡಾ. ಮಲ್ಲಿಕಾರ್ಜುನ ಮನಸೂರ ಅವರ ಜೀವನವನ್ನು ಅರಿತರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಅರಗಿನ ತಟ್ಟೆಯಿಂದ ಕ್ಯಾಸೆಟ್ಟಿನವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಅವರ ಕಂಠ ಮುದ್ರಣಗೊಂಡಿದೆ. ಯಾವ ಮುದ್ರಿಕೆ ಯಾವ ಕಾಲದ್ದೆಂಬುದನ್ನು ಅರಿಯುವುದೇ ಇಲ್ಲಿ ಆಯ್ಕೆಯ ಮೊದಲ ಹೆಜ್ಜೆ.

ಮಲ್ಲಿಕಾರ್ಜುನ ಮನಸೂರ ಅವರು 1910ರ ಡಿಸೆಂಬರ್ 31ರಂದು ಧಾರವಾಡ ಸಮೀಪದ ಮನಸೂರ ಗ್ರಾಮದಲ್ಲಿ ಜನಿಸಿದರು. ತಂದೆ ಭೀಮರಾಯಪ್ಪನವರು ಒಕ್ಕಲುತನದ ಮನೆತನದವರು, ಊರಿನ ಗೌಡರು. ಅಣ್ಣ ಬಸವರಾಜ ಅವರಿಗೆ ರಂಗಭೂಮಿಯ ನಂಟಿದ್ದುದರಿಂದ ಬಾಲಕನೂ ಚಿಕ್ಕ ವಯಸ್ಸಿನಲ್ಲಿಯೇ ನಾಟಕ ಮಂಡಳಿ ಸೇರಿ, ಬಾಲನಟನಾಗಿ ರಂಗಗೀತೆಗಳನ್ನು ಹಾಡತೊಡಗಿದನು. ಅಪ್ಪಯ್ಯಸ್ವಾಮಿ ಅವರಲ್ಲಿ ಕೆಲಕಾಲ ಕರ್ನಾಟಕ ಸಂಗೀತದ ಪಾಠವಾಯಿತು. ಬಳಿಕ ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಆಲೂರಮಠ ಅವರು ಹುಡುಗನ ಕಂಠವನ್ನು ಮೆಚ್ಚಿ ಮಿರಜಿಗೆ ಕರೆದೊಯ್ದರು. ಅಲ್ಲಿ ಹಲವು ವರ್ಷಗಳ ಕಾಲ ಕ್ರಮಬದ್ಧವಾದ ಶಿಕ್ಷಣ ನಡೆಯಿತು.

ಇಪ್ಪತ್ತರ ಹರೆಯ ದಾಟುವಷ್ಟರಲ್ಲಿ, 1930ರ ದಶಕದ ಮೊದಲ ಭಾಗದಲ್ಲಿ, ಅವರ ಗಾಯನ ಎಚ್‌ಎಂವಿ ಸಂಸ್ಥೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹೊರಬಂದಿತು. ಮುಂದೆ ಅದೇ ಸಂಸ್ಥೆಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಅವರು ಕಾರ್ಯ ನಿರ್ವಹಿಸಿದರು. 1947ರ ಕನ್ನಡ ಚಲನಚಿತ್ರ ಚಂದ್ರಹಾಸಕ್ಕೆ ಸಂಗೀತ ನೀಡಿದವರೂ ಅವರೇ.

ಆ ಕಾಲದ ಅರಗಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಹೆಚ್ಚುಕಡಿಮೆ ಮೂರು ನಿಮಿಷದ ಗಾಯನ ಮಾತ್ರ. ಬೈಠಕ್ಕಿನಲ್ಲಿ ಮುಕ್ಕಾಲು ಗಂಟೆ ಹಾಡಬಹುದಾದ ರಾಗವನ್ನು ಗಾಯಕರು ಆ ಮೂರು ನಿಮಿಷಕ್ಕೆ ಇಳಿಸಬೇಕಿತ್ತು. ಬಂದಿಶ್ ಹಾಡಿ, ನಾಲ್ಕು ತಾನ ಹೊಡೆದು, ಮುಗಿಸಬೇಕಿತ್ತು. ಮನಸೂರರ ಆ ತಟ್ಟೆಗಳಲ್ಲಿ ತರುಣ ಕಂಠದ ತೇಜಸ್ಸು ಇದೆ, ವೇಗವಿದೆ. ಆದರೆ ಮನಸೂರರೆಂದರೆ ಯಾವ ಗಾಯನವನ್ನು ಇಂದು ಜನ ನೆನೆಯುತ್ತಾರೋ ಅದು ಅಲ್ಲಿಲ್ಲ. ಅದನ್ನು ಅವರಿನ್ನೂ ಕಲಿಯಬೇಕಾಗಿತ್ತು.

ಹೆಸರು ಮಾಡಿದ ಕಲಾವಿದರೊಬ್ಬರು ಮತ್ತೆ ವಿದ್ಯಾರ್ಥಿಯಾಗುವುದು ಸುಲಭದ ಮಾತಲ್ಲ. ತಟ್ಟೆಗಳು ಮಾರುಕಟ್ಟೆಯಲ್ಲಿದ್ದಾಗಲೇ ಮನಸೂರ ಅವರು ಮುಂಬಯಿಯಲ್ಲಿ ಜೈಪುರ-ಅತ್ರೌಲಿ ಘರಾಣೆಯ ಮೂಲಪುರುಷ ಅಲ್ಲಾದಿಯಾ ಖಾನರ ಪುತ್ರ ಮಂಜಿ ಖಾನರ ಶಿಷ್ಯತ್ವ ಸ್ವೀಕರಿಸಿದರು. ಆ ಪಾಠ ದೀರ್ಘಕಾಲ ನಡೆಯಲಿಲ್ಲ. 1937ರಲ್ಲಿ ಮಂಜಿ ಖಾನರು ಅಕಾಲ ಮರಣಕ್ಕೆ ತುತ್ತಾದರು. ಶಿಷ್ಯನಿಗೆ ಇದು ಬಲವಾದ ಆಘಾತವಾಯಿತು. ಅನಂತರ ಮಂಜಿ ಖಾನರ ತಮ್ಮ ಬುರ್ಜಿ ಖಾನರು ಅವರನ್ನು ಶಿಷ್ಯನನ್ನಾಗಿ ಅಂಗೀಕರಿಸಿ, ಘರಾಣೆಯ ಅಪರೂಪದ ರಾಗಗಳನ್ನೂ ಬಂದಿಶ್‌ಗಳನ್ನೂ ಧಾರೆಯೆರೆದರು. ನಟ ಬಿಹಾಗ, ಲಲಿತಾ ಗೌರಿ, ಶಿವಮತ ಭೈರವ, ಸಂಪೂರ್ಣ ಮಾಲಕೌಂಸ, ಖಟ್ ಮೊದಲಾದ ರಾಗಗಳು ಇಂದು ಮನಸೂರರ ಹೆಸರಿನೊಂದಿಗೆ ಬೆಸೆದುಕೊಂಡಿರುವುದು ಈ ಶಿಕ್ಷಣದ ಫಲ.

ಕೀರ್ತಿ ಮಾತ್ರ ತಡವಾಗಿ ಬಂದಿತು. ಧಾರವಾಡದ ಆಕಾಶವಾಣಿ ಕೇಂದ್ರದ ಸಂಗೀತ ಸಲಹೆಗಾರರಾಗಿ, ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಮಾರ್ಗದರ್ಶಕರಾಗಿ ಅವರು ಸೇವೆ ಸಲ್ಲಿಸುತ್ತಿದ್ದರೂ, ದೇಶದ ದೊಡ್ಡ ಗೌರವಗಳು ಒದಗಿದ್ದು ಅರವತ್ತರ ಹೊಸ್ತಿಲಲ್ಲಿ. 1970ರಲ್ಲಿ ಪದ್ಮಶ್ರೀ, 1971ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ, 1982ರಲ್ಲಿ ಅಕಾಡೆಮಿಯ ಫೆಲೋಶಿಪ್, 1992ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಹೀಗಾಗಿ ಅವರ ಪಕ್ವ ಗಾಯನದ ಬಹುಭಾಗ ದೊರೆಯುವುದು ಎಲ್‌ಪಿ ತಟ್ಟೆ, ಆಕಾಶವಾಣಿಯ ಟೇಪು ಹಾಗೂ ಕ್ಯಾಸೆಟ್‌ಗಳ ಕಾಲದಲ್ಲಿ. ಕೇಳುಗರ ಪಾಲಿಗೆ ಇದೊಂದು ಭಾಗ್ಯವೆಂದೇ ಹೇಳಬೇಕು. ಅನೇಕ ಹಿರಿಯರ ಯೌವನದ ಉತ್ತಮ ಗಾಯನ ಅರಗಿನ ತಟ್ಟೆಗಳಲ್ಲಿ ಮೂರು ಮೂರು ನಿಮಿಷದ ತುಣುಕುಗಳಾಗಿ ಉಳಿಯಿತು. ಮನಸೂರರ ಉತ್ತಮ ಗಾಯನವಾದರೋ ದೀರ್ಘ ಮುದ್ರಣ ಸಾಧ್ಯವಾದ ಮೇಲೆ ನಡೆಯಿತು.

ಎಲ್‌ಪಿ ತಟ್ಟೆ ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ತಿರುಗಿ, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಗಾಯನವನ್ನು ಹಿಡಿಯುತ್ತದೆ. ಮನಸೂರರ ಶೈಲಿಗೆ ಈ ಅವಧಿ ಚೆನ್ನಾಗಿ ಹೊಂದುತ್ತದೆ. ಅವರು ತಬಲಾ ಇಲ್ಲದೆ ಬಹಳ ಹೊತ್ತು ಆಲಾಪ ಮಾಡುವವರಲ್ಲ. ಬಂದಿಶನ್ನು ಬೇಗನೆ ಎತ್ತಿಕೊಂಡು, ಮಧ್ಯ ಲಯದಲ್ಲಿ, ತಾಳದ ಆವರ್ತನಗಳ ಒಳಗೇ ರಾಗವನ್ನು ಬಿಡಿಸುತ್ತ ಹೋಗುವವರು. ಆದ್ದರಿಂದ ಅವರ ಮುದ್ರಿಕೆ ಉತ್ತಮವೆನಿಸಬೇಕಾದರೆ ಕಂಠ ಮತ್ತು ತಬಲಾ ಎರಡೂ ಸಮತೂಕದಲ್ಲಿ ಕೇಳಿಬರಬೇಕು. ತಬಲಾ ಕಂಠವನ್ನು ಮುಚ್ಚಿದರೆ ತಾನದ ಹೆಣಿಗೆ ತಿಳಿಯದು; ತೀರ ಹಿಂದೆ ಸರಿದರೆ ಅವರು ಸಮಕ್ಕೆ ಬಂದು ಸೇರುವ ಸೊಗಸು ತಪ್ಪಿಹೋಗುತ್ತದೆ.

ಮುದ್ರಿಕೆಯ ಗುಣಮಟ್ಟವನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಮೊದಲು ತಂಬೂರಿಯನ್ನು ಗಮನಿಸಬೇಕು. ಗಾಯಕರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ತಂಬೂರಿಯ ನಾದ ತುಂಬಿಕೊಂಡಿದ್ದರೆ ಮುದ್ರಣ ಚೆನ್ನಾಗಿದೆಯೆಂದು ಬಹುತೇಕ ನಂಬಬಹುದು. ಹಳೆಯ ತಟ್ಟೆಯ ಸದ್ದನ್ನು ಯಂತ್ರದಿಂದ ಅತಿಯಾಗಿ ಒರೆಸಿ ಹಾಕಿದ ಮುದ್ರಿಕೆಗಳಲ್ಲಿ ಮೊದಲು ಕಾಣೆಯಾಗುವುದು ಆ ನಾದವೇ. ಕಂಠವೂ ಕಂಬಳಿ ಹೊದೆಸಿದಂತೆ ಮಂಕಾಗಿರುತ್ತದೆ. ಅಂತಹದಕ್ಕಿಂತ ಸ್ವಲ್ಪ ಕರಕರವಿದ್ದರೂ ಜೀವಂತವಾಗಿರುವ ಮುದ್ರಿಕೆ ಲೇಸು. 78 ಸುತ್ತಿನ ತಟ್ಟೆಗಳಿಂದ ನಕಲು ಮಾಡುವಾಗ ವೇಗ ತಪ್ಪುವುದೂ ಉಂಟು. ವೇಗ ಶೇಕಡಾ 6ರಷ್ಟು ಹೆಚ್ಚಿದರೆ ಶ್ರುತಿ ಅರ್ಧ ಸ್ವರದಷ್ಟು ಮೇಲೇರಿ, ಕಂಠ ತೆಳುವಾಗಿ, ಲಯ ಅವಸರದ್ದಾಗಿ ಕೇಳಿಸುತ್ತದೆ. ಇದನ್ನೇ ಗಾಯಕರ ಸಹಜ ಕಂಠವೆಂದು ತಿಳಿಯಬಾರದು.

ಹೊದಿಕೆಯ ಮೇಲೆ ರಾಗ, ತಾಳ, ಪಕ್ಕವಾದ್ಯದವರ ಹೆಸರು, ಮುದ್ರಣದ ವರ್ಷ ಮತ್ತು ಸ್ಥಳ ನಮೂದಾಗಿದೆಯೇ ಎಂದು ನೋಡುವುದು ಒಳ್ಳೆಯದು. ಒಂದೇ ಗಾಯನ ಬೇರೆ ಬೇರೆ ಹೊದಿಕೆಗಳಲ್ಲಿ ಮಾರಾಟವಾಗುವುದುಂಟು. ಈ ವಿವರಗಳಿಲ್ಲದಿದ್ದರೆ ಒಂದನ್ನೇ ಎರಡು ಬಾರಿ ಕೊಳ್ಳುವ ಸಂಭವವಿದೆ. ಹೊದಿಕೆಯ ಮೇಲೆ ನಮೂದಾಗುವ ವರ್ಷ ಸಿ.ಡಿ. ಬಿಡುಗಡೆಯಾದ ವರ್ಷವೂ ಆಗಿರಬಹುದು, ಹಾಡಿದ ವರ್ಷವಲ್ಲ.

ಸ್ಟುಡಿಯೋ ಮುದ್ರಣ ಮತ್ತು ಕಚೇರಿಯ ಮುದ್ರಣಗಳ ನಡುವೆಯೂ ವ್ಯತ್ಯಾಸವಿದೆ. ಆಕಾಶವಾಣಿಯಂತಹ ಸ್ಟುಡಿಯೋದಲ್ಲಿ ಧ್ವನಿ ನಿಚ್ಚಳ. ಸಮಯದ ಕಟ್ಟು ಇರುವುದರಿಂದ ಗಾಯನವೂ ಅಡಕ. ಕಚೇರಿಯಲ್ಲಿ ಕೆಮ್ಮು, ಮಾತು, ಮೈಕಿನ ಗೊಂದಲ ಇದ್ದೀತು. ಆದರೆ ಶ್ರೋತೃಗಳ ಸಮ್ಮುಖದಲ್ಲಿ ಮನಸೂರ ಅವರು ಒಂದರ ಹಿಂದೊಂದು ರಾಗವನ್ನು ಬಿಡುವಿಲ್ಲದೆ ಹಾಡುತ್ತ ಹೋಗುವ ಹುರುಪು ಅಲ್ಲಿಯೇ ಸಿಗುವುದು. ಅವರ ಕೊನೆಯ ವರ್ಷಗಳ ಕಚೇರಿಗಳಲ್ಲಿ ಪುತ್ರ ರಾಜಶೇಖರ ಮನಸೂರ ಅವರ ಸಹಗಾಯನವನ್ನೂ ಕೇಳಬಹುದು. ಹೊಸಬರು ಸ್ಟುಡಿಯೋ ಮುದ್ರಿಕೆಯಿಂದ ತೊಡಗಿ, ಕಿವಿ ಪಳಗಿದ ಮೇಲೆ ಕಚೇರಿಗಳಿಗೆ ಹೋಗುವುದು ಸೂಕ್ತ. 1930ರ ದಶಕದ ತಟ್ಟೆಗಳು ಕೊನೆಗಿರಲಿ.

ಕಲಬುರಗಿ ನಗರದ ಗಾಜಿಪುರ ಮೊದಲ್ಗೊಂಡು ಕಮಲಾಪುರ ತಾಲ್ಲೂಕಿನ ಗ್ರಾಮಗಳವರೆಗೆ ಭಜನೆ, ವಚನ, ತತ್ವಪದಗಳನ್ನು ಕೇಳುತ್ತ ಬೆಳೆದವರಿಗೆ ಇನ್ನೂ ಹತ್ತಿರದ ದಾರಿಯೊಂದಿದೆ. ಶರಣಸಂಪ್ರದಾಯದಲ್ಲಿ ಅಪಾರ ಶ್ರದ್ಧೆಯುಳ್ಳ ಮನಸೂರ ಅವರು ಬಸವಣ್ಣ, ಅಕ್ಕಮಹಾದೇವಿ ಮೊದಲಾದ ಶರಣರ ವಚನಗಳನ್ನು ರಾಗಗಳಲ್ಲಿ ಹಾಡಿದ್ದಾರೆ. ಮಾತು ಕನ್ನಡದ್ದು, ಅರ್ಥ ಪರಿಚಿತ, ರಾಗವಷ್ಟೇ ಹೊಸದು. ಬಂದಿಶ್‌ಗಳ ಬ್ರಜ್ ಭಾಷೆ ತಿಳಿಯದೆಂದು ಹಿಂಜರಿಯುವವರು ಮೊದಲು ಈ ವಚನಗಾಯನವನ್ನು ಕೇಳಿ, ಅನಂತರ ಖಯಾಲ್‌ಗೆ ಬರಬಹುದು. ಶಾಸ್ತ್ರೀಯ ಸಂಗೀತದ ಪಂಡಿತರು ಇದನ್ನು ಲಘುವೆಂದು ಎಣಿಸಿದರೂ ಎಣಿಸಲಿ. ಮನಸೂರರು ಮಾತ್ರ ವಚನವನ್ನು ಲಘುವಾಗಿ ಹಾಡಿದವರಲ್ಲ.

ಡಾ. ಮಲ್ಲಿಕಾರ್ಜುನ ಮನಸೂರ ಅವರು 1992ರ ಸೆಪ್ಟೆಂಬರ್ 12ರಂದು ನಿಧನರಾದರು. ರಾಜಶೇಖರ ಮನಸೂರ ಅವರು 2022ರಲ್ಲಿ ತೀರಿಕೊಂಡರು. ಧಾರವಾಡದಲ್ಲಿ ಮನಸೂರ ಅವರು ವಾಸವಾಗಿದ್ದ ‘ಮೃತ್ಯುಂಜಯ’ ನಿವಾಸವನ್ನು ಅವರ ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಅವರ ಆತ್ಮಕಥನ ‘ನನ್ನ ರಸಯಾತ್ರೆ’ ಕನ್ನಡದಲ್ಲಿಯೇ ಇದ್ದು, ಮುದ್ರಿಕೆಗಳನ್ನು ಕೇಳುವವರು ಅದನ್ನು ಜೊತೆಗಿರಿಸಿಕೊಂಡು ಓದಬಹುದಾಗಿದೆ.